ಗೇಟ್ ಹತ್ರ ಸಿಕ್ಕ ಹಸಿರು ಹುಳ, ಯಾವ್ದು ಅಂತ ಗೊತ್ತಿರೋರು ಹೇಳಿ

ಪ್ರಶ್ನೆ: ಗೇಟ್ ಪಕ್ಕ ಬೆರಳು ದಪ್ಪದ ಹಸಿರು ಹುಳ ಹರೀತಾ ಇತ್ತು, ಕೂದಲಿಲ್ಲ, ಹಿಂದೆ ಗಿಡ್ಡಕ್ಕೆ ಹಳದಿ ಕೊಂಬು, ಕಡ್ಡಿ ತಾಗಿಸಿದ್ರೆ ಮುಂದ್ಗಡೆ ಎರಡು ನೀಲಿ ಕಣ್ಣು ಕಾಣತ್ತೆ. ಮನೇಲಿ ಸಣ್ಣ ಮಕ್ಕಳಿದಾರೆ, ಏನಾದ್ರೂ ಮಾಡತ್ತಾ?

ಉತ್ತರ: ಅಕ್ಕಪಕ್ಕ ಕಣಗಿಲೆನೋ ನಂದಿಬಟ್ಟಲೋ ಇದೆಯಾ ನೋಡಿ ಮೇಡಂ. ಇದ್ರೆ ಅದು ಓಲಿಯಾಂಡರ್ ಹಾಕ್ ಮಾತ್ ಅನ್ನೋ ಪತಂಗದ ಮರಿ ಇರ್ಬೇಕು. ನಮ್ಮ ನಂದಿಬಟ್ಟಲಿಗೆ ಆಗಾಗ ಬರತ್ತೆ, ಎಲೆ ಮಧ್ಯೆ ಹುಡುಕಿದ್ರೆ ಸಿಗೋದೇ ಇಲ್ಲ, ನೆಲದ ಮೇಲೆ ಕಾಳುಮೆಣಸಿನ ಥರ ಹಿಕ್ಕೆ ಬಿದ್ದಿರತ್ತಲ್ಲ ಅಲ್ಲೇ ನಿಂತು ಮೇಲೆ ನೋಡಿದ್ರೆ ಕೊಂಬೇಲಿ ಕೂತಿರತ್ತೆ. ಆ ನೀಲಿದು ಕಣ್ಣಲ್ಲ, ಹಕ್ಕಿಗಳನ್ನ ಹೆದರಿಸೋ ಗುರುತು ಅಷ್ಟೇ, ತಲೆ ಬಗ್ಗಿಸಿದಾಗ ಚೆನ್ನಾಗಿ ಕಾಣತ್ತೆ. ಕೊಂಬಿಂದ ಚುಚ್ಚಲ್ಲ. ಆದ್ರೆ ಕಣಗಿಲೆ ಗಿಡಾನೇ ವಿಷ, ಎಲೆ, ಹಾಲು ಮುಟ್ಟಿದ್ರೆ ಮಕ್ಕಳ ಕೈ ಸೋಪ್ ಹಾಕಿ ತೊಳೆಸಿ.

ಉತ್ತರ: ಮೇಲಿನವರು ಗಿಡ ಕೇಳಿದ್ದು ಸರಿಯಾಗಿದೆ. ಬಣ್ಣ ನಂಬ್ಕೊಂಡ್ರೆ ಆಗಲ್ಲ, ಒಂದೇ ಹುಳ ಬೆಳೀತಾ ಬೆಳೀತಾ ಬೇರೆನೇ ಕಾಣತ್ತೆ. ನಿಂಬೆ ಗಿಡದ ಚಿಟ್ಟೆ ಮರಿ ನೋಡಿ, ಚಿಕ್ಕದಿದ್ದಾಗ ಹಕ್ಕಿ ಹಿಕ್ಕೆ ಅನ್ಕೋಬೇಕು, ದೊಡ್ಡದಾದ್ಮೇಲೆ ಪೂರ್ತಿ ಹಸಿರು, ಮುಟ್ಟಿದ್ರೆ ತಲೆ ಹಿಂದಿಂದ ಕವಲು ಕೊಂಬು ಹೊರಗೆ ಹಾಕಿ ಗಬ್ಬು ವಾಸನೆ ಬಿಡತ್ತೆ. ಹಾಗಾಗಿ ಫೋಟೋ ಹಾಕೋವಾಗ ಪಕ್ಕದಿಂದ ಒಂದು, ಮೇಲಿಂದ ಒಂದು, ತಿಂತಿದ್ದ ಎಲೇದು ಒಂದು ಹಾಕಿ, ಎಲೆ ಫೋಟೋನೇ ಅರ್ಧ ಉತ್ತರ ಕೊಡತ್ತೆ.

ಉತ್ತರ: ಕಾಲೂ ನೋಡಿ ಸರ್. ಮುಂದೆ ಮೂರು ಜೊತೆ ನಿಜವಾದ ಕಾಲು, ಹಿಂದೆ ಮೆತ್ತನೆ ಕಾಲು ಐದು ಜೊತೆ ಅಥವಾ ಅದಕ್ಕಿಂತ ಕಮ್ಮಿ ಇದ್ರೆ ಚಿಟ್ಟೆನೋ ಪತಂಗಾನೋ. ಮೆತ್ತನೆ ಕಾಲು ಆರು ಜೊತೆ ಅಥವಾ ಅದಕ್ಕಿಂತ ಜಾಸ್ತಿ ಇದ್ರೆ ಅದು ಸಾಫ್ಲೈ ಅನ್ನೋ ಕೀಟದ ಮರಿ, ಕಣಜದ ಸಂಬಂಧಿ.

ಉತ್ತರ: ಮಕ್ಕಳಿರೋದ್ರಿಂದ ಇದೊಂದು ಹೇಳ್ಬೇಕು. ನಿಮ್ದು ನುಣ್ಣಗಿದೆ, ಸರಿ, ಆದ್ರೆ ಕೂದಲೋ ಮುಳ್ಳೋ ಇರೋ ಹುಳ ಯಾವ್ದೇ ಆದ್ರೂ ಗುರುತು ಸಿಗೋವರೆಗೂ ಬರಿಗೈಲಿ ಮುಟ್ಟಕ್ಕೆ ಬಿಡ್ಬೇಡಿ. ಕಂಬಳಿಹುಳ ತಾಗಿದ್ರೆ ಉಜ್ಜಬಾರ್ದು, ಕೂದಲು ಇನ್ನೂ ಒಳಗೆ ಹೋಗತ್ತೆ, ಸೆಲೋಟೇಪ್ ಒತ್ತಿ ಕಿತ್ತು ಆಮೇಲೆ ತೊಳೀರಿ. ಕಣ್ಣಿಗೆ ಬಿದ್ರೆ ನೀರು ಹಾಕಿ ತೊಳೆದು ಸೀದಾ ಡಾಕ್ಟರ್ ಹತ್ರ ಹೋಗಿ.

ಉತ್ತರ: ಗಿಡ ಬಿಟ್ಟು ನೆಲದ ಮೇಲೆ ಹರೀತಿದೆ ಅಂದ್ರೆ ಕೋಶ ಕಟ್ಟಕ್ಕೆ ಜಾಗ ಹುಡುಕ್ತಿರ್ಬಹುದು, ಇನ್ನೇನು ಮೈ ಕಂದು ಬಣ್ಣಕ್ಕೆ ತಿರುಗತ್ತೆ, ಕಾಯಿಲೆ ಅನ್ಕೋಬೇಡಿ. ಎಲೆ ಮೇಲೆ ಹತ್ತಿಸ್ಕೊಂಡು ಗಿಡದ ಬುಡದ ಒಣಗಿದ ಎಲೆ ರಾಶೀಲಿ ಬಿಟ್ಬಿಡಿ, ಆ ಜಾಗ ಸ್ವಲ್ಪ ದಿನ ಗುಡಿಸ್ಬೇಡಿ.