ಸಹಾಯ ಬೇಕು: ಡಿ ಡ್ರೈವ್‌ನಲ್ಲಿ ತೆಗೆದ ಜಾಗ ಸಿ ಡ್ರೈವ್‌ಗೆ ಸೇರುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಮ್ಮದು ತಿಪಟೂರು. ಮನೆಯ ಕಂಪ್ಯೂಟರ್‌ನಲ್ಲಿ ವಿಂಡೋಸ್ 10 ಇದೆ. 500 ಜಿಬಿ ಹಾರ್ಡ್ ಡಿಸ್ಕ್, ತೋರಿಸುವುದು 465. ಹಾಕಿಕೊಟ್ಟವರು ಸಿ ಡ್ರೈವ್‌ಗೆ ಬರೀ 80 ಜಿಬಿ ಬಿಟ್ಟು, ಉಳಿದದ್ದೆಲ್ಲ ಡಿ ಡ್ರೈವ್‌ಗೆ ಸುರಿದಿದ್ದಾರೆ. ಈಗ ಸಿ ಡ್ರೈವ್‌ನಲ್ಲಿ ಉಳಿದಿರುವುದು 2 ಜಿಬಿ. ಗೆರೆ ಕೆಂಪಗಾಗಿದೆ, ಅಪ್‌ಡೇಟೂ ಆಗುತ್ತಿಲ್ಲ.

ನಿನ್ನೆ ರಾತ್ರಿ ವಿಂಡೋಸ್‌ನಲ್ಲೇ ಇರುವ ಡಿಸ್ಕ್ ಮ್ಯಾನೇಜ್‌ಮೆಂಟ್ ತೆಗೆದು, ಡಿ ಮೇಲೆ ಶ್ರಿಂಕ್ ವಾಲ್ಯೂಮ್ (ಡ್ರೈವ್ ಕುಗ್ಗಿಸುವುದು) ಒತ್ತಿ 100 ಜಿಬಿ ಬಿಡಿಸಿದೆ. ಆ ಜಾಗ ಕಪ್ಪು ಪಟ್ಟಿಯಾಗಿ ಡಿ ಡ್ರೈವ್‌ನ ಬಲಕ್ಕೆ ಬಂದು ಕೂತಿದೆ. ಸಿ ಮೇಲೆ ರೈಟ್ ಕ್ಲಿಕ್ ಮಾಡಿದರೆ ಎಕ್ಸ್‌ಟೆಂಡ್ ವಾಲ್ಯೂಮ್ (ಡ್ರೈವ್ ಹಿಗ್ಗಿಸುವುದು) ಮಂಕಾಗಿದೆ, ಒತ್ತಲು ಆಗುವುದಿಲ್ಲ. ಖಾಲಿ ಜಾಗ ಸಿ ಪಕ್ಕದಲ್ಲೇ ಇರಬೇಕಂತೆ, ನಡುವೆ ಡಿ ಅಡ್ಡ ನಿಂತಿದೆ. ಪಕ್ಕದ ಮನೆಯವರನ್ನು ದಾಟಿ ಸೈಟು ಸೇರಿಸಿಕೊಳ್ಳಲು ಹೋದ ಹಾಗಾಯಿತು ನನ್ನ ಕಥೆ!

ನನಗೆ ತೋಚಿದ್ದು ಎರಡು ದಾರಿ. ಡಿಯಲ್ಲಿರುವುದನ್ನೆಲ್ಲ ಹೊರಗಿನ ಡಿಸ್ಕ್‌ಗೆ ಹಾಕಿ, ಡಿ ಅಳಿಸಿ, ಸಿ ಹಿಗ್ಗಿಸಿ, ಮತ್ತೆ ಡಿ ಮಾಡುವುದು. ಇಲ್ಲವೇ ಡಿಸ್ಕ್‌ನ ಭಾಗಗಳನ್ನು ಹಿಗ್ಗಿಸಿ ಸರಿಸುವ ಜಿಪಾರ್ಟೆಡ್ ಎಂಬ ಸಾಫ್ಟ್‌ವೇರನ್ನು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಡಿಯನ್ನೇ ಬಲಕ್ಕೆ ಸರಿಸುವುದು. ಸರಿಸುವಾಗ ಕರೆಂಟ್ ಹೋದರೆ? ನಮ್ಮಲ್ಲಿ ಯುಪಿಎಸ್ ಇಲ್ಲ. ಡಿಯಲ್ಲಿ ಅಪ್ಪನ ಕೊಬ್ಬರಿ ವ್ಯಾಪಾರದ ಟ್ಯಾಲಿ ಲೆಕ್ಕ, ತಂಗಿ ಮದುವೆ ಫೋಟೋ ಎಲ್ಲ ಇದೆ. ಲೆಕ್ಕ ಹೋದರೆ ನನ್ನನ್ನು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ.

ಮೊದಲನೆಯದೇ ಕ್ಷೇಮ ಅಲ್ವಾ? ಹೊಸ ಡ್ರೈವ್‌ಗೂ ಡಿ ಅಕ್ಷರವನ್ನೇ ಕೊಟ್ಟರೆ ಟ್ಯಾಲಿ ಹಳೆಯ ಜಾಗದಲ್ಲೇ ಲೆಕ್ಕ ಹುಡುಕಿಕೊಳ್ಳುತ್ತದಾ? ಮಾಡಿ ನೋಡಿದವರು ದಯವಿಟ್ಟು ಹೇಳಿ. ಅಲ್ಲಿಯವರೆಗೆ ಸುಮ್ನೆ ಏನನ್ನೂ ಮುಟ್ಟುವುದಿಲ್ಲ.