ಸಹಾಯ ಬೇಕು: ಒದೆತ ಕಡಿಮೆ ಇರುವ, ಜಿಂಕೆಗೆ ಸಾಲುವ ತೋಟಾ ಯಾವುದು?

ನಮಸ್ಕಾರ. ಬಿಳಿಬಾಲದ ಜಿಂಕೆಯ ಬೇಟೆಗೆ ಪರವಾನಗಿ ಇದೆ, ಇಷ್ಟು ವರ್ಷ .308 ವಿಂಚೆಸ್ಟರ್ ರೈಫಲ್ ಬಳಸುತ್ತಿದ್ದೆ. ಬಲ ಭುಜದ ಶಸ್ತ್ರಚಿಕಿತ್ಸೆಯಾದ ಮೇಲೆ ಗುಂಡು ಹಾರಿದಾಗ ಅದು ಭುಜಕ್ಕೆ ಕೊಡುವ ಒದೆತ ತಡೆಯಲಾಗುತ್ತಿಲ್ಲ. ಟ್ರಿಗರ್ ಒತ್ತುವ ಮೊದಲೇ ಕಣ್ಣು ಮುಚ್ಚಿಕೊಳ್ಳುತ್ತದೆ, ನಳಿಗೆ ಕೆಳಗೆ ವಾಲುತ್ತದೆ. ದಪ್ಪ ರಬ್ಬರ್ ಪ್ಯಾಡ್ ಹಾಕಿಸಿದೆ, ಹಗುರ ಗುಂಡಿನ ತೋಟಾಗಳನ್ನೂ ಹೊಡೆದು ನೋಡಿದೆ, ಸಾಲಲಿಲ್ಲ. ಮಜಲ್ ಬ್ರೇಕ್ (ನಳಿಗೆಯ ತುದಿಗೆ ಹಾಕುವ, ಅನಿಲವನ್ನು ಪಕ್ಕಕ್ಕೆ ಹೊರಬಿಡುವ ಸಾಧನ) ಒದೆತವನ್ನೇನೋ ತಗ್ಗಿಸಿತು, ಆದರೆ ಆ ಸದ್ದಿಗೆ ಪಕ್ಕದಲ್ಲಿ ನಿಂತವರ ಕಿವಿಯೇ ಗುಂಯ್‌ಗುಡುತ್ತದೆ.

ಈಗ .243 ವಿಂಚೆಸ್ಟರ್ ಮತ್ತು 7ಎಂಎಂ-08 ರೆಮಿಂಗ್ಟನ್ ಎಂಬ ಎರಡು ತೋಟಾಗಳ ನಡುವೆ ಸಿಕ್ಕಿಕೊಂಡಿದ್ದೇನೆ. ಎರಡೂ .308 ತೋಟಾದ ಲೋಹದ ಕೋಶದ ಕತ್ತನ್ನು ಕಿರಿದಾಗಿಸಿ ಮಾಡಿದವೇ. .243ರ 100 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡು ನನ್ನ ಭುಜಕ್ಕೆ ಹಿತ. ಜಿಂಕೆ ಅಡ್ಡಲಾಗಿ ನಿಂತಿದ್ದು, ಪಕ್ಕೆಗೆ ನೇರವಾಗಿ ಬಿದ್ದರೆ ಧಾರಾಳವಾಗಿ ಸಾಕು. ಓರೆಯಾಗಿ ನಿಂತಿದ್ದರೆ? ಜಿಂಕೆಯ ಭುಜದ ಮೂಳೆ ಸೀಳಿಕೊಂಡು ಶ್ವಾಸಕೋಶ ತಲುಪುತ್ತದೆಯೇ ಎಂಬುದೇ ನನ್ನ ಅಳುಕು. ಗಾಯಗೊಂಡ ಪ್ರಾಣಿ ಪೊದೆಯಲ್ಲಿ ನರಳುವುದು ನನಗೆ ಬೇಡವೇ ಬೇಡ.

ಎರಡನ್ನೂ ಬಳಸಿದವರು ದಯವಿಟ್ಟು ಹೇಳಿ: 150 ಗಜದೊಳಗೆ ಓರೆಯಾಗಿ ನಿಂತ ಜಿಂಕೆಗೆ .243ರಲ್ಲಿ ಚೂರಾಗದ ತಾಮ್ರದ ಗುಂಡು ಸಾಕೇ, ಅಥವಾ ಸ್ವಲ್ಪ ಹೆಚ್ಚು ಒದೆತ ಸಹಿಸಿಕೊಂಡು 7ಎಂಎಂ-08ರ 120 ಗ್ರೇನ್ ಗುಂಡಿಗೆ ಹೋಗುವುದು ಒಳ್ಳೆಯದೇ?