ಮೀನು ಸಿಗದಿದ್ದರೂ ಬೇಸರವಿಲ್ಲ ಎಂದಾದರೆ ಕೈಯಲ್ಲಿ ಫ್ಲೈ ರಾಡ್ ಏಕೆ ಬೇಕು?

ಖಾಲಿಬುಟ್ಟಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಕೆಲಸದ ನಿಮಿತ್ತ ಕೆಲವು ವರ್ಷ ನೀಲಗಿರಿಯಲ್ಲಿದ್ದಾಗ ಅಲ್ಲಿನ ಹೊಳೆಗಳಲ್ಲಿ ಟ್ರೌಟ್ ಮೀನಿಗಾಗಿ ಫ್ಲೈ ಫಿಶಿಂಗ್ ಕಲಿತೆ. ಬ್ರಿಟಿಷರು ಹೊರಗಿನಿಂದ ತಂದು ಬಿಟ್ಟ ಆ ಮೀನಿಗೆ ತಣ್ಣನೆಯ ನೀರೇ ಬೇಕಾದ್ದರಿಂದ ನಮ್ಮ ಬಯಲುಸೀಮೆಯಲ್ಲಿ ಅದರ ಮಾತೇ ಇಲ್ಲ. ಊರಿಗೆ ಮರಳಿದ ಮೇಲೆ ಅದೇ ರಾಡ್ ಹಿಡಿದು ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಗೂ, ಬಿಡುವು ಹೆಚ್ಚಿದ್ದಾಗ ಹಿರಿಯೂರು ಕಡೆಯ ವಾಣಿವಿಲಾಸ ಸಾಗರದ ಹಿನ್ನೀರಿಗೂ ಹೋಗುತ್ತೇನೆ.

ಈ ವಿಧಾನವನ್ನು ನೋಡದವರಿಗಾಗಿ ಎರಡು ಮಾತು. ಸಾಮಾನ್ಯ ಗಾಳದಲ್ಲಿ ತುದಿಯ ಸೀಸದ ಗುಂಡು ಮುಂದೆ ಹೋಗುತ್ತದೆ, ದಾರ ಅದರ ಹಿಂದೆ ಎಳೆದುಕೊಂಡು ಹೋಗುತ್ತದೆ. ಫ್ಲೈ ಫಿಶಿಂಗ್‌ನಲ್ಲಿ ಗರಿ ಮತ್ತು ನೂಲನ್ನು ಸುತ್ತಿ ಹುಳುವಿನಂತೆ ಕಟ್ಟಿದ ಕೊಕ್ಕೆಗೆ (ಇದೇ ಫ್ಲೈ) ತೂಕವೇ ಇರುವುದಿಲ್ಲವಾದ್ದರಿಂದ ದಾರಕ್ಕೇ ಭಾರ ಕೊಟ್ಟಿರುತ್ತಾರೆ. ನನ್ನ ಐದನೇ ನಂಬರಿನ ದಾರದ ಮೊದಲ 30 ಅಡಿ ಸುಮಾರು 9 ಗ್ರಾಂ ತೂಗುತ್ತದೆ. ಅದನ್ನು ತಲೆಯ ಮೇಲಿಂದ ಹಿಂದಕ್ಕೂ ಮುಂದಕ್ಕೂ ಬೀಸಿ, ಗಾಳಿಯಲ್ಲಿ ಸುರುಳಿ ಬಿಚ್ಚಿಕೊಂಡು ನೀರಿನ ಮೇಲೆ ಸದ್ದಿಲ್ಲದೆ ಇಳಿಯುವಂತೆ ಮಾಡಬೇಕು.

ವಿಷಯವೇನೆಂದರೆ, ಬಹುತೇಕ ನಾನು ಬರಿಗೈಯಲ್ಲೇ ಮರಳುತ್ತೇನೆ, ಮತ್ತು ಅದರಿಂದ ನನಗೆ ಬೇಸರವೇ ಆಗುವುದಿಲ್ಲ. ಚಳಿಗಾಲದ ಒಂದು ಬೆಳಿಗ್ಗೆ ವಾಣಿವಿಲಾಸದ ಹಿನ್ನೀರಿನಲ್ಲಿ ಆಸ್ಪ್ರೇ ಎಂಬ ಮೀನು ಹಿಡಿಯುವ ಹದ್ದು ಕಾಲು ಮುಂದೆ ಚಾಚಿ ನೀರಿಗೆ ಬಿದ್ದು, ರೆಕ್ಕೆ ಒದರಿ ಎದ್ದು, ಹಾರುತ್ತಲೇ ಮೀನಿನ ತಲೆ ಮುಂದಕ್ಕೆ ಬರುವ ಹಾಗೆ ಉಗುರುಗಳಲ್ಲಿ ತಿರುಗಿಸಿಕೊಂಡದ್ದನ್ನು ನೋಡಿದೆ. ಆ ದಿನ ನನಗೆ ಒಂದು ಮರಿಯೂ ಕಚ್ಚಲಿಲ್ಲ, ಆದರೂ ವಾರವಿಡೀ ಅದನ್ನೇ ಎಲ್ಲರಿಗೂ ಹೇಳುತ್ತಿದ್ದೆ. ಮನೆಯಲ್ಲಿ ಮಾತ್ರ, “ಪೇಟೆಯಾಗೆ ಮೀನು ಸಿಗ್ತಾವಲ್ಲ, ಸುಮ್ನೆ ಬಿಸಿಲಾಗೆ ಯಾಕೆ ನಿಂತ್ಕಬೇಕು” ಎಂದು ನಗುತ್ತಾರೆ.

ರಾಡನ್ನು ಮನೆಯಲ್ಲಿಟ್ಟು ದುರ್ಬೀನು ಮಾತ್ರ ಹಿಡಿದು ಹೋಗಿಯೂ ನೋಡಿದ್ದೇನೆ. ಅರ್ಧ ಗಂಟೆಗೇ ಎದ್ದು ಬರುವ ಮನಸ್ಸಾಗುತ್ತದೆ. ರಾಡ್ ಇದ್ದರೆ ಮಧ್ಯಾಹ್ನವಾದದ್ದೇ ತಿಳಿಯುವುದಿಲ್ಲ. ಮೀನು ಮುಖ್ಯವಲ್ಲ ಎಂದು ಹೇಳಿಕೊಳ್ಳುವ ನಾನು ಮೀನು ಹಿಡಿಯುವ ಸಾಧನವನ್ನು ಬಿಡಲಾರದೆ ಇರುವುದು ಏಕೆ? ಸಿಗಲಾರದ್ದಕ್ಕೆ ಸಮಾಧಾನ ಹೇಳಿಕೊಳ್ಳುತ್ತಿದ್ದೇನೆಯೇ? ಅನುಭವವಿರುವವರು ನಿಷ್ಠುರವಾಗಿಯೇ ಹೇಳಬೇಕೆಂದು ಕೋರಿಕೆ.

ವೇದಾವತಿ ದಂಡೆ, ಹಿರಿಯೂರು

ಸರ್, ನಿಮ್ಮ ಪ್ರಶ್ನೆ ಓದಿ ಸಂತೋಷವಾಯಿತು. ನಾನೂ ಅದೇ ಹಿನ್ನೀರಿನಲ್ಲಿ ದಾರ ಬೀಸುವವನು, ಮತ್ತು ಇದು ಸಮಾಧಾನದ ಮಾತೆಂದು ನನಗೆ ಅನ್ನಿಸುವುದಿಲ್ಲ.

ದುರ್ಬೀನು ಹಿಡಿದವನು ನೀರಿನ ಮೇಲಿರುವುದನ್ನು ನೋಡುತ್ತಾನೆ. ರಾಡ್ ಹಿಡಿದವನು ನೀರಿನೊಳಗೆ ಏನು ನಡೆಯುತ್ತಿದೆ ಎಂದು ಊಹಿಸುತ್ತಾ ನಿಲ್ಲಬೇಕಾಗುತ್ತದೆ, ಮತ್ತು ಆ ಊಹೆಗೆ ಸುಳಿವು ಕೊಡುವುದು ಸುತ್ತಲಿನ ಜೀವಿಗಳೇ. ಕಪ್ಪು ಬಿಳುಪಿನ ಮಿಂಚುಳ್ಳಿ ಒಂದೇ ಕಡೆ ಗಾಳಿಯಲ್ಲಿ ರೆಕ್ಕೆ ಬಡಿಯುತ್ತಾ, ಕೊಕ್ಕನ್ನು ನೇರ ಕೆಳಗೆ ಮಾಡಿ ನಿಂತಿದೆಯೆಂದರೆ ಅಲ್ಲಿ ಸಣ್ಣ ಮೀನಿನ ಹಿಂಡು ಮೇಲೆ ಬಂದಿದೆ ಎಂದು ಅರ್ಥ. ನೀರುಕಾಗೆಗಳು ಸಾಲುಗಟ್ಟಿ ಒಂದೇ ದಿಕ್ಕಿಗೆ ಮುಳುಗೇಳುತ್ತಿದ್ದರೆ ಮೀನು ದಡದ ಕಡೆಗೆ ಸರಿಯುತ್ತಿರುತ್ತದೆ. ಏರೋಪ್ಲೇನ್ ಚಿಟ್ಟೆ ಬಾಲದ ತುದಿಯನ್ನು ನೀರಿಗೆ ತಾಕಿಸಿ ತಾಕಿಸಿ ಮೊಟ್ಟೆ ಇಡುವ ಜಾಗದಲ್ಲಿ ಗೆಂಡೆ ಮೀನು ಕಾಯುತ್ತಿರುವುದೂ ಉಂಟು. ಇವನ್ನೆಲ್ಲ ಹವ್ಯಾಸಕ್ಕೆಂದು ನೋಡುವುದಕ್ಕೂ, ಮುಂದಿನ ಬೀಸನ್ನು ಎಲ್ಲಿಗೆ ಹಾಕಬೇಕೆಂದು ತೀರ್ಮಾನಿಸಲು ನೋಡುವುದಕ್ಕೂ ಬಹಳ ವ್ಯತ್ಯಾಸವಿದೆ. ನೀವು ದುರ್ಬೀನಿನೊಂದಿಗೆ ಬೇಗ ಎದ್ದು ಬಂದದ್ದಕ್ಕೆ ಕಾರಣ ಇದೇ ಇರಬೇಕು: ಕಂಡದ್ದರಿಂದ ನೀವು ಏನನ್ನೂ ನಿರ್ಧರಿಸಬೇಕಾಗಿರಲಿಲ್ಲ.

ನಿಂತಲ್ಲೇ ನಿಲ್ಲುವುದರ ಲಾಭವೂ ಇದೆ. ಮೊಣಕಾಲಿನವರೆಗೆ ನೀರಿನಲ್ಲಿ ಗಂಟೆಗಟ್ಟಲೆ ನಿಂತವನನ್ನು ಪ್ರಾಣಿಪಕ್ಷಿಗಳು ಕ್ರಮೇಣ ಲೆಕ್ಕಕ್ಕೇ ಇಡುವುದಿಲ್ಲ. ನನ್ನಿಂದ ಹತ್ತು ಮಾರು ದೂರದಲ್ಲಿ ಹಾವಕ್ಕಿಯೊಂದು ಕತ್ತು ಮಾತ್ರ ಮೇಲೆ ಮಾಡಿ ಈಜಿಕೊಂಡು ಹೋಗಿ, ಮುಳುಗಿದ ಮರದ ಕೊಂಬೆಯೇರಿ ರೆಕ್ಕೆ ಒಣಗಿಸುತ್ತಾ ಕೂತದ್ದುಂಟು. ದಂಡೆಯ ಮೇಲೆ ನಡೆದುಕೊಂಡು ಹೋಗಿದ್ದರೆ ಅದು ಯಾವಾಗಲೋ ಹಾರಿಹೋಗಿರುತ್ತಿತ್ತು.

ಮೀನು ಕಡಿಮೆ ಸಿಗುವುದಕ್ಕೆ ಬರಿಯ ಅದೃಷ್ಟವನ್ನು ದೂರಬೇಡಿ. ನಮ್ಮ ಜಿಲ್ಲೆಯ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸಾಲಾಗಿ ನಿಲ್ಲಿಸಿದ್ದಾರೆಂದರೆ ಇಲ್ಲಿ ಗಾಳಿ ಎಷ್ಟಿದೆ ಎಂದು ನೀವೇ ಊಹಿಸಬಹುದು. ಆಷಾಢದಲ್ಲಂತೂ ಐದನೇ ನಂಬರಿನ ದಾರ ಮುಖಕ್ಕೇ ವಾಪಸು ಬರುತ್ತದೆ. ಅದಕ್ಕಿಂತ ಭಾರವಾದ ಏಳು ಅಥವಾ ಎಂಟನೇ ನಂಬರಿನ ದಾರ ಇಟ್ಟುಕೊಳ್ಳುವುದು ಒಳ್ಳೆಯದು, ಸೂರ್ಯ ಏರುವ ಮೊದಲೇ ಹೋಗುವುದು ಇನ್ನೂ ಒಳ್ಳೆಯದು. ಇನ್ನೊಂದು ಶತ್ರು ಬಳ್ಳಾರಿ ಜಾಲಿ. ವಾಣಿವಿಲಾಸ ಸಾಗರ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವಿನ ದಶಕಗಳಲ್ಲಿ ನೀರಿಲ್ಲದ ಅಂಗಳದಲ್ಲಿ ಬೆಳೆದ ಜಾಲಿಯೆಲ್ಲ ನೀರು ಏರಿದಾಗ ಮುಳುಗಿತು. ಮೀನಿಗೆ ಅದು ಒಳ್ಳೆಯ ಆಸರೆ, ನಮಗೆ ಕೊಕ್ಕೆ ಕಳೆದುಕೊಳ್ಳುವ ಜಾಗ. ಬೆನ್ನ ಹಿಂದೆಯೂ ಜಾಲಿ ಇರುವಲ್ಲಿ ಹಿಂದಕ್ಕೆ ಬೀಸುವ ಗೋಜಿಗೆ ಹೋಗದೆ, ನೀರಿನ ಮೇಲಿರುವ ದಾರವನ್ನೇ ಮುಂದಕ್ಕೆ ಉರುಳಿಸಿ ಎಸೆಯುವ ರೋಲ್ ಕಾಸ್ಟ್ ಅಭ್ಯಾಸ ಮಾಡಿಕೊಳ್ಳಿ.

ಜೊಂಡಿನ ಅಂಚಿನಲ್ಲಿ ಕೊರಮೀನು ಗಾಳಿ ಕುಡಿಯಲು ಮೇಲೆ ಬಂದಾಗ ಗುಳುಕ್ ಎಂಬ ಸದ್ದಾಗುತ್ತದೆ. ಕಪ್ಪೆಯಂತೆ ತೇಲುವ ಫ್ಲೈಯನ್ನು ಅದರ ಹತ್ತಿರ ಬೀಳಿಸಬೇಕು. ಆದರೆ ಮೇಲ್ಮೈಯಲ್ಲಿ ಕೆಂಪಗೆ ಕುದಿಯುವಂತೆ ಕಾಣುವ ಮರಿಗಳ ಗುಂಪು ಕಂಡರೆ ಅಲ್ಲಿ ಎಸೆಯಬೇಡಿ. ತಾಯಿತಂದೆ ಮೀನುಗಳು ಕೆಳಗೆ ಕಾವಲಿರುತ್ತವೆ, ಹಸಿವಿಲ್ಲದಿದ್ದರೂ ಸಿಟ್ಟಿಗೆ ಕಚ್ಚುತ್ತವೆ, ಅವನ್ನು ಎಳೆದ ಮರುಗಳಿಗೆಯೇ ಬೇರೆ ಮೀನುಗಳು ಮರಿಗಳ ಮೇಲೆ ಬೀಳುತ್ತವೆ. ರಾಡ್ ಕೆಳಗಿಟ್ಟು ಆ ಮರಿಗಳ ಗುಂಪು ಒಟ್ಟಾಗಿ ಏಳುವುದನ್ನೂ ಮುಳುಗುವುದನ್ನೂ ನೋಡುವುದೇ ಲೇಸು.

ಬಿದಿರುಕೋಲು, ಹರಿಹರ

ನನ್ನದು ಬಿದಿರಿನ ಗಾಳ, ಎರೆಹುಳು, ಬೆಂಡು. ನಾನು ಸಾರಿಗೆಂದೇ ಹೋಗುವವನು, ಸಂಜೆಗೆ ನಾಲ್ಕು ಜಿಲೇಬಿ ಮೀನಾದರೂ ಚೀಲದಲ್ಲಿರುತ್ತವೆ. ಇಷ್ಟು ದುಬಾರಿ ಸಾಮಾನು ಹಿಡಿದು ಬರಿಗೈಯಲ್ಲಿ ಬರುವುದು ನನಗೆ ಒಗ್ಗುವ ಮಾತಲ್ಲ. ಆದರೂ ಒಂದನ್ನು ಒಪ್ಪುತ್ತೇನೆ. ಬೆಂಡು ಮುಳುಗುವುದನ್ನೇ ಕಾಯುವ ನನ್ನ ಕಣ್ಣು ಅದನ್ನು ಬಿಟ್ಟು ಅತ್ತಿತ್ತ ಹೋಗುವುದಿಲ್ಲ. ಪಕ್ಕದಲ್ಲಿ ನಿಂತ ಬೆಳ್ಳಕ್ಕಿ ನನಗೆ ಪಾಲು ಕೇಳಲು ಬಂದ ದಾಯಾದಿಯಂತೆ ಕಾಣುತ್ತದೆಯೇ ಹೊರತು ನೋಡಬೇಕಾದ ಹಕ್ಕಿಯೆಂದು ಯಾವತ್ತೂ ಅನ್ನಿಸಿಲ್ಲ. ನಿಮ್ಮ ಭಾಗ್ಯ ನಿಮಗಿರಲಿ. ತುಂಗಭದ್ರೆಗೆ ಬರುವುದಾದರೆ ಮಾತ್ರ ಮೊಣಕಾಲು ನೀರಿನಲ್ಲಿ ನಿಲ್ಲುವ ಶೋಕಿ ಬೇಡ, ಈ ಹೊಳೆಯಲ್ಲಿ ಮೊಸಳೆಗಳಿವೆ.

ಟಿಟ್ಟಿಭ, ಚಿತ್ರದುರ್ಗ

ನಾನು ಹಕ್ಕಿ ನೋಡುವವಳು, ಗಾಳ ಹಿಡಿದವಳಲ್ಲ. ಖಾಲಿಬುಟ್ಟಿಯವರು ನಿಷ್ಠುರವಾಗಿ ಹೇಳಿ ಎಂದಿರುವುದರಿಂದ ಹೇಳುತ್ತಿದ್ದೇನೆ.

ಮೀನು ಸಿಗದ ದಿನ ನೀವು ಯಾರಿಗೂ ತೊಂದರೆ ಕೊಟ್ಟಿಲ್ಲವೆಂದು ಭಾವಿಸುವುದು ಸರಿಯಲ್ಲ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ತೆರೆದುಕೊಳ್ಳುವ ಬಯಲು ಅಂಚಿನಲ್ಲಿಯೇ ಟಿಟ್ಟಿಭ, ರೀವ ಮೊದಲಾದ ಹಕ್ಕಿಗಳು ನೆಲದ ಮೇಲೆ ಮೊಟ್ಟೆ ಇಡುತ್ತವೆ. ಆ ಮೊಟ್ಟೆಗಳು ಸುತ್ತಲಿನ ಬೆಣಚುಕಲ್ಲಿನ ಬಣ್ಣದಲ್ಲೇ ಇರುವುದರಿಂದ ಹೆಜ್ಜೆ ಇಡುವವರೆಗೂ ಕಾಣುವುದಿಲ್ಲ. ಟಿಟ್ಟಿಭ ನಿಮ್ಮ ತಲೆಯ ಮೇಲೆ ಕೂಗುತ್ತಾ ಸುತ್ತುತ್ತಿದ್ದರೆ ಅದನ್ನು ವನ್ಯಜೀವಿ ದರ್ಶನವೆಂದು ಆನಂದಿಸದೆ ಬಂದ ದಾರಿಯಲ್ಲೇ ಹಿಂದಿರುಗಬೇಕು. ನೀವು ನಿಂತಷ್ಟು ಹೊತ್ತೂ ಮೊಟ್ಟೆಗಳು ಬಿಸಿಲಿನಲ್ಲಿ ಬೇಯುತ್ತಿರುತ್ತವೆ. ಜಾಲಿಗೆ ಸಿಕ್ಕಿ ತುಂಡಾದ ನೈಲಾನ್ ಎಳೆಯನ್ನು ಅಲ್ಲೇ ಬಿಟ್ಟು ಬರುವವರನ್ನೂ ನೋಡಿದ್ದೇನೆ. ಅಂಥ ಎಳೆ ಕಾಲಿಗೆ ಸುತ್ತಿಕೊಂಡು ಕುಂಟುತ್ತಿದ್ದ ಕೊಳದ ಬಕವೊಂದನ್ನು ಹಿಡಿದು ಬಿಡಿಸಲು ನಾವು ಪಟ್ಟ ಪಾಡು ನನಗೆ ಇನ್ನೂ ನೆನಪಿದೆ.

ಹಿಡಿದು ಬಿಡುವುದರಲ್ಲಿಯೂ ವಿವೇಚನೆ ಬೇಕು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆಯಾಗುತ್ತದೆ: 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿದಿಟ್ಟುಕೊಂಡರೆ 30 ಡಿಗ್ರಿಯದು ಏಳೂವರೆಯಷ್ಟನ್ನೇ ಹಿಡಿಯಬಲ್ಲದು. ನಮ್ಮ ಏಪ್ರಿಲ್ ಮಧ್ಯಾಹ್ನದಲ್ಲಿ ಸೆಣಸಿ ದಣಿದ ಮೀನನ್ನು ನೀರಿಗೆ ಬಿಟ್ಟ ಮಾತ್ರಕ್ಕೆ ಅದು ಬದುಕಿತೆಂದು ಹೇಳಲಾಗದು. ಕೊಕ್ಕೆಯ ಮೊನೆಯ ಹಿಂದೆ ಚಾಚಿರುವ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿಕೊಂಡರೆ ಬಿಡಿಸುವುದು ಸುಲಭವಾಗುತ್ತದೆ, ಕೈ ಒದ್ದೆ ಮಾಡಿಕೊಂಡು ಹಿಡಿದರೆ ಮೀನಿನ ಮೈಯ ಲೋಳೆ ಕಿತ್ತು ಬರುವುದಿಲ್ಲ.

ಇನ್ನು ನಿಮ್ಮ ಮೂಲ ಪ್ರಶ್ನೆ. ಅದಕ್ಕೊಂದು ಸರಳ ಪರೀಕ್ಷೆಯಿದೆ. ಕೊಕ್ಕೆಯ ಮೊನೆಯನ್ನೇ ಕತ್ತರಿಸಿ, ಬರಿಯ ಗರಿಯ ಹುಳುವನ್ನು ದಾರಕ್ಕೆ ಕಟ್ಟಿ ಒಂದು ಬೆಳಿಗ್ಗೆ ಬೀಸಿ ನೋಡಿ. ಹೊರದೇಶಗಳಲ್ಲಿ ಕೆಲವು ಫ್ಲೈ ಹವ್ಯಾಸಿಗಳು ಹೀಗೆ ಮಾಡುತ್ತಾರೆ. ಮೀನು ಬಂದು ಬಾಯಿ ಹಾಕುತ್ತದೆ, ಒಂದು ಕ್ಷಣ ಎಳೆಯುತ್ತದೆ, ಉಗುಳಿ ಹೋಗುತ್ತದೆ. ವೇದಾವತಿ ದಂಡೆಯವರು ಹೇಳಿದ ಊಹೆ, ತೀರ್ಮಾನ ಎಲ್ಲವೂ ಅದರಲ್ಲಿಯೂ ಇರುತ್ತವೆ. ಆಗಲೂ ಮಧ್ಯಾಹ್ನದವರೆಗೆ ನಿಲ್ಲಬಲ್ಲಿರಾದರೆ ಮೀನು ಮುಖ್ಯವಲ್ಲ ಎಂಬ ನಿಮ್ಮ ಮಾತನ್ನು ನಾನು ಪೂರ್ತಿ ನಂಬುತ್ತೇನೆ.

ಹಳೆಯ ಮೇಷ್ಟ್ರು, ಹೊಳಲ್ಕೆರೆ

ಇದು ಹೊರಗಿನವರ ಶೋಕಿ ಎಂದು ಮನೆಯವರು ನಕ್ಕರೆ ನಮ್ಮ ನೆಲದ ದೊರೆಯೊಬ್ಬನ ಹೆಸರು ಹೇಳಿ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ರಾಜನ ವಿನೋದಗಳ ನಡುವೆ ಮತ್ಸ್ಯವಿನೋದಕ್ಕೂ ಜಾಗವಿದೆ. ಗಾಳದ ಕೋಲು, ದಾರ, ಕೊಕ್ಕೆ, ಯಾವ ಮೀನಿಗೆ ಯಾವ ಆಹಾರ ಎಂಬುದನ್ನೆಲ್ಲ ಅಲ್ಲಿ ವಿವರಿಸಲಾಗಿದೆ. ಊಟಕ್ಕೆ ಕೊರತೆಯಿಲ್ಲದ ಅರಸನಿಗೂ ಅದು ಬೇಕಾಗಿತ್ತು ನೋಡಿ. ಟಿಟ್ಟಿಭ ಮೇಡಂ ಹೇಳಿದ ಮೊನೆಯಿಲ್ಲದ ಕೊಕ್ಕೆಯನ್ನು ಅವನು ಒಪ್ಪುತ್ತಿದ್ದನೆಂದು ಮಾತ್ರ ನನಗೆ ಅನ್ನಿಸುವುದಿಲ್ಲ.

ಖಾಲಿಬುಟ್ಟಿ, ದಾವಣಗೆರೆ

ಎಲ್ಲರಿಗೂ ಧನ್ಯವಾದ. ಮೇಡಂ ಹೇಳಿದ ಪರೀಕ್ಷೆಯನ್ನು ಕೊಂಡಜ್ಜಿ ಕೆರೆಯಲ್ಲಿ ಮಾಡಿದೆ. ಹಳೆಯ ಫ್ಲೈ ಒಂದರ ಮೊನೆ ಕತ್ತರಿಸಿ ಬೀಸಿದಾಗ ಮೊದಲ ಒಂದು ಗಂಟೆ ಏನೂ ವ್ಯತ್ಯಾಸವೆನಿಸಲಿಲ್ಲ, ಮಿಂಚುಳ್ಳಿಯ ಹಿಂದೆಯೇ ಜಾಗ ಬದಲಿಸುತ್ತಾ ಹೋದೆ. ಸಣ್ಣದೊಂದು ಮೀನು ಎರಡು ಬಾರಿ ಬಾಯಿ ಹಾಕಿ ಬಿಟ್ಟಿತು. ಆಮೇಲೆ, ನಿಜ ಹೇಳಬೇಕೆಂದರೆ, ಸ್ವಲ್ಪ ಸಪ್ಪೆಯೆನಿಸತೊಡಗಿತು. ಮೀನು ಬೇಕಿಲ್ಲ, ಆದರೆ ಸಿಕ್ಕೀತು ಎಂಬ ಆಸೆ ಬೇಕು. ಆ ಆಸೆಯಿದ್ದಷ್ಟು ಹೊತ್ತು ಕಣ್ಣು ಚುರುಕಾಗಿರುತ್ತದೆ ಎಂದು ತೋರುತ್ತದೆ. ಹಾಗಾಗಿ ಮೊನೆ ಉಳಿಸಿಕೊಂಡು, ಮುಳ್ಳು ಒತ್ತಿ ಮಟ್ಟ ಮಾಡಿಕೊಂಡು, ಬಿರುಬೇಸಿಗೆಯಲ್ಲಿ ರಾಡ್ ಮನೆಯಲ್ಲಿಟ್ಟು ಹೋಗುವುದೆಂದು ತೀರ್ಮಾನಿಸಿದ್ದೇನೆ. ಮೇಡಂಗೆ ಇದು ಪೂರ್ತಿ ಒಪ್ಪಿಗೆಯಾಗಲಾರದೆಂದು ಗೊತ್ತು.

ಇನ್ನೊಂದು ಸಂದೇಹ: ಕೆರೆಗಳಲ್ಲಿ ಹೀಗೆ ಗಾಳ ಬೀಸಲು ಯಾರ ಅನುಮತಿ ಕೇಳಬೇಕು? ಫ್ಲೈ ಕಟ್ಟಲು ನವಿಲುಗರಿ ಬಳಸಬಹುದೇ?

ವೇದಾವತಿ ದಂಡೆ, ಹಿರಿಯೂರು

ದೊಡ್ಡ ಕೆರೆಗಳ ಮೀನಿನ ಹಕ್ಕನ್ನು ಮೀನುಗಾರರ ಸಹಕಾರ ಸಂಘಗಳಿಗೋ ಟೆಂಡರ್ ಹಿಡಿದವರಿಗೋ ಗುತ್ತಿಗೆಗೆ ಕೊಟ್ಟಿರುತ್ತಾರೆ. ಅಲ್ಲಿನ ಕಾಟ್ಲಾ, ರೋಹು ಅವರು ಮರಿ ಬಿಟ್ಟು ಬೆಳೆಸಿದವು, ಅವರ ಅನ್ನ. ಆದ್ದರಿಂದ ಮೊದಲು ಅವರನ್ನು ಕಂಡು, ಹಿಡಿದರೂ ಬಿಡುತ್ತೇನೆಂದು ತಿಳಿಸಿ ಒಪ್ಪಿಗೆ ಪಡೆಯಿರಿ. ಜಲಾಶಯವಾದರೆ ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ. ಜಗಳೂರಿನ ರಂಗಯ್ಯನದುರ್ಗದ ಕೊಂಡುಕುರಿ ಅಭಯಾರಣ್ಯವಾಗಲಿ, ನಮ್ಮ ಜೋಗಿಮಟ್ಟಿಯಾಗಲಿ, ಅರಣ್ಯದ ಗಡಿಯೊಳಗಿನ ನೀರಿಗೆ ರಾಡ್ ತೆಗೆದುಕೊಂಡು ಹೋಗುವ ಯೋಚನೆಯೇ ಬೇಡ.

ನವಿಲು ತಾನಾಗಿ ಉದುರಿಸಿದ ಗರಿಯನ್ನು ಇಟ್ಟುಕೊಳ್ಳಲು ಕಾನೂನಿನಲ್ಲಿ ವಿನಾಯಿತಿ ಇದೆ, ಕಿತ್ತದ್ದಕ್ಕೆ ಇಲ್ಲ. ತೇಲುವ ಫ್ಲೈಗೆ ನಾಟಿ ಹುಂಜದ ಕತ್ತಿನ ಗರಿಯೇ ಚೆನ್ನಾಗಿರುತ್ತದೆ. ಕೋಳಿ ಅಂಗಡಿಯಲ್ಲಿ ಕೇಳಿದರೆ ಪುಕ್ಕಟೆಯಾಗಿ ಕೊಡುತ್ತಾರೆ, ಸೋಪಿನ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ.